ಕಂಪನಿ ಸಿಮ್ ಮುಗಿಯುತ್ತಿದೆ, ಫೋನೂ ಸೋತಿದೆ: ಈಗ ಯಾವ ಪ್ಲಾನ್, ಯಾವ ಫೋನ್?

ಪ್ರಶ್ನೆ: ಸಂಡೂರು ಕಡೆಯ ಒಂದು ಗಣಿ ಕಂಪನಿಯಲ್ಲಿದ್ದೇನೆ, ಮುಂದಿನ ತಿಂಗಳು ರಿಟೈರ್ ಆಗುತ್ತೇನೆ. ಹನ್ನೆರಡು ವರ್ಷದಿಂದ ಕಂಪನಿ ಕೊಟ್ಟ ಪೋಸ್ಟ್‌ಪೇಯ್ಡ್ ಸಿಮ್ ಬಳಸುತ್ತಿದ್ದೇನೆ, ಅದು ಅಲ್ಲಿಗೆ ಮುಗಿಯುತ್ತದೆ. ಎರಡು ವರ್ಷದ ಹಿಂದೆ ಇಎಂಐ ಮೇಲೆ ತಗೊಂಡ ಫೋನಿನ ಕೊನೆ ಕಂತೂ ಅದೇ ತಿಂಗಳು. ಆ ಫೋನು ಮಧ್ಯಾಹ್ನ ಊಟದ ಹೊತ್ತಿಗೇ ಚಾರ್ಜ್ ಕೇಳುತ್ತದೆ. ಇನ್ನು ಸಿರುಗುಪ್ಪ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿ ಗದ್ದೆ ನೋಡಿಕೊಳ್ಳುವ ವಿಚಾರವಿದೆ. ಫೋನಿಗೆ 20 ಸಾವಿರದವರೆಗೆ ಹಾಕಬಹುದು. ಬಳ್ಳಾರಿಯ ಅಂಗಡಿಯವರು 200 ಮೆಗಾಪಿಕ್ಸೆಲ್ ಫೋನ್ ತಗೊಳ್ಳಿ, ಹೊಸ ಸಿಮ್‌ಗೆ ವರ್ಷದ ರೀಚಾರ್ಜ್ ಮಾಡಿಸಿಬಿಡಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಹಳೇ ಐಫೋನ್ ಕೊಡಿಸ್ತೀನಿ ಎನ್ನುತ್ತಾನೆ. ಮನೆಯವರ ಹತ್ತಿರ ಕೀಪ್ಯಾಡ್ ಫೋನಿದೆ, ಅದಕ್ಕೆ ಯಾವ ರೀಚಾರ್ಜ್ ಒಳ್ಳೆಯದು?

ಉತ್ತರ: ಅಣ್ಣಾ, ನಿಮ್ಮ ಪ್ರಶ್ನೆಯಲ್ಲಿ ಫೋನಿನ ಮಾತೇ ಜಾಸ್ತಿ, ನಂಬರಿನ ಬಗ್ಗೆ ಒಂದೇ ಸಾಲು. ನನಗೆ ಗಾಬರಿಯಾಗಿದ್ದು ಆ ಒಂದು ಸಾಲು ಓದಿ. ಅಂಗಡಿಯವರು "ಹೊಸ ಸಿಮ್" ಅಂದರಲ್ಲ, ಅದಕ್ಕೆ ಹೂಂ ಅಂದುಬಿಟ್ಟಿದ್ದೀರೋ ಏನೋ. ಅಂದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಕೂಪನ್ ಗೀಚಿ ರೀಚಾರ್ಜ್ ಮಾಡುತ್ತಿದ್ದ ಕಾಲದಿಂದ ಬಳ್ಳಾರಿಯಲ್ಲಿ ಇದೇ ಕಸುಬಿನಲ್ಲಿದ್ದೇನೆ. ಮೊದಲು ಸಿಮ್ ಡಿಸ್ಟ್ರಿಬ್ಯೂಟರ್ ಹತ್ತಿರ ಕೆಲಸ, ಈಗ ಸ್ವಂತ ರಿಪೇರಿ ಅಂಗಡಿ. ಜನ ಬರುವುದೆಲ್ಲ ಉಲ್ಟಾ. ಮೊದಲು ಫೋನ್ ಆರಿಸುತ್ತಾರೆ, ಆಮೇಲೆ ಅಂಗಡಿಯವನು ಕೊಟ್ಟ ಸಿಮ್ ಹಾಕಿಸುತ್ತಾರೆ, ಊರಿಗೆ ಹೋದ ಮೇಲೆ ಸಿಗ್ನಲ್ ಇಲ್ಲ ಎಂದು ಫೋನಿಗೆ ಬೈಯುತ್ತಾರೆ. ನೀವು ನಂಬರಿನಿಂದ ಶುರು ಮಾಡಿ, ಆಮೇಲೆ ಸಿಗ್ನಲ್ ನೋಡಿ, ಆಮೇಲೆ ರೀಚಾರ್ಜ್. ಫೋನ್ ಎಲ್ಲಕ್ಕಿಂತ ಕೊನೆಗೆ.

ನೀವು "ನನ್ನ ನಂಬರ್" ಎನ್ನುತ್ತಿರುವುದು ಕಾಗದದ ಮೇಲೆ ನಿಮ್ಮದಲ್ಲ. ಕಂಪನಿ ಹೆಸರಿನಲ್ಲಿದೆ. ಬಿಲ್ ಕಟ್ಟುವವರು ಅವರು, ಗ್ರಾಹಕರೂ ಅವರೇ. ನೀವು ರಿಲೀವ್ ಆದ ದಿನ ಆಫೀಸಿನಲ್ಲಿ ಯಾರೋ ಒಬ್ಬರು ಪಟ್ಟಿ ನೋಡಿ "ಇವರ ಸಿಮ್ ಬಂದ್ ಮಾಡಿ" ಎಂದು ಒಂದು ಮೇಲ್ ಹಾಕಿದರೆ ಸಾಕು, ಹನ್ನೆರಡು ವರ್ಷದ ನಂಬರ್ ಹೋಯಿತು. ಬಂದ್ ಆದ ನಂಬರ್ ಸುಮ್ನೆ ಗೋದಾಮಿನಲ್ಲಿ ಕೂತಿರುವುದಿಲ್ಲ, 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡಬಹುದು.

ನಮ್ಮ ಸೋದರಮಾವನಿಗೆ ಇದೇ ಆಯಿತು. ಯಾವ ಕಂಪನಿ ಅಂತ ಬೇಡ. ರಿಟೈರ್ ಆಗಿ ಬಂದರು, ನಂಬರ್ ಬಂದ್ ಆಯಿತು, "ಹೋಗಲಿ ಬಿಡು, ಹೊಸದು ತಗೊಂಡೆ" ಎಂದರು. ಐದಾರು ತಿಂಗಳ ನಂತರ ಬ್ಯಾಂಕಿನಲ್ಲಿ ಏನೋ ಕೆಲಸಕ್ಕೆ ಹೋದರೆ ಒಟಿಪಿ ಹಳೇ ನಂಬರಿಗೆ ಹೋಗುತ್ತಿದೆ. ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಕಾಲೇಜು ಹುಡುಗ ಎತ್ತಿದ. ಪಾಪ, ಒಳ್ಳೆಯ ಹುಡುಗ, "ಅಂಕಲ್, ನಿಮಗೆ ದಿನಾ ಗೊಬ್ಬರದ ಅಂಗಡಿಯಿಂದ ಮೆಸೇಜ್ ಬರ್ತಾವು" ಎಂದ. ಅವನು ಒಳ್ಳೆಯವನಾಗಿದ್ದು ಮಾವನ ಪುಣ್ಯ. ಬ್ಯಾಂಕ್, ಆಧಾರ್, ಪಿಎಫ್, ಗ್ಯಾಸ್, ಎಲ್ಲ ಕಡೆ ನಂಬರ್ ಬದಲಿಸಲು ಅವರಿಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ನಿಮಗಂತೂ ಗದ್ದೆ ಬೇರೆ ಇದೆ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಿಎಂ ಕಿಸಾನ್ ಒಟಿಪಿ, ಬೆಳೆ ವಿಮೆ, ಎಲ್ಲ ಯಾವ ನಂಬರಿಗೆ ಕಟ್ಟಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಿಎಫ್ ಪಿಂಚಣಿ ಬರುವುದಿದ್ದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡಬೇಕು, ಅಲ್ಲೂ ಈ ನಂಬರೇ ಬೇಕು.

ಮಾಡಬೇಕಾದದ್ದು ಇಷ್ಟು. ಇವತ್ತೇ ಎಚ್‌ಆರ್‌ಗೆ ಒಂದು ಅರ್ಜಿ ಬರೆಯಿರಿ: ಈ ನಂಬರನ್ನು ನನ್ನ ಸ್ವಂತ ಹೆಸರಿಗೆ ಮಾಡಿಕೊಡಿ, ಅದಕ್ಕೆ ಎನ್‌ಒಸಿ, ಅಂದರೆ ನಿಮ್ಮ ಅಡ್ಡಿಯಿಲ್ಲ ಎನ್ನುವ ಪತ್ರ ಕೊಡಿ ಎಂದು. ಸಹಿ ಯಾರದ್ದೋ ಇದ್ದರೆ ನಡೆಯುವುದಿಲ್ಲ. ಮೊಬೈಲ್ ಕಂಪನಿ ಹತ್ತಿರ ಯಾರ ಸಹಿ ದಾಖಲಾಗಿದೆಯೋ ಅವರದ್ದೇ ಬೇಕು, ಅದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಆ ಪತ್ರ, ನಿಮ್ಮ ಆಧಾರ್ ಹಿಡಿದುಕೊಂಡು ಈಗಿರುವ ಮೊಬೈಲ್ ಕಂಪನಿಯ ಸ್ವಂತ ಸ್ಟೋರ್‌ಗೆ ಹೋಗಿ. ಸಣ್ಣ ರೀಚಾರ್ಜ್ ಅಂಗಡಿಯಲ್ಲಿ ಈ ಕೆಲಸ ಆಗುವುದಿಲ್ಲ. ಬಾಕಿ ಬಿಲ್ ಇದ್ದರೆ ಚುಕ್ತಾ ಮಾಡಿಸಿ. ಕಂಪನಿ ಹೆಸರಿನಲ್ಲೇ ಇಟ್ಟುಕೊಂಡು ನೇರವಾಗಿ ಪೋರ್ಟ್ (ಅದೇ ನಂಬರ್ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸುವುದು) ಹಾಕಲು ಹೋಗಬೇಡಿ. ಕಂಪನಿಯ ಒಪ್ಪಿಗೆ ಪತ್ರವಿಲ್ಲದೆ ಅದು ತಿರಸ್ಕಾರವಾಗುತ್ತದೆ, ನಾಲ್ಕು ದಿನ ವ್ಯರ್ಥ. ಮೊದಲು ಹೆಸರಿಗೆ ಬರಲಿ, ಆಮೇಲೆ ಯಾವ ನೆಟ್‌ವರ್ಕ್‌ಗೆ ಬೇಕಾದರೂ ಹೋಗಿ. ಮತ್ತೆ ಇದೆಲ್ಲ ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಬೀಳ್ಕೊಡುಗೆ, ಹಾರ, ಶಾಲು, ಗ್ರಾಚ್ಯುಟಿ ಫಾರ್ಮ್, ಆ ಗದ್ದಲದಲ್ಲಿ ಸಿಮ್ ಯಾರಿಗೆ ನೆನಪಿರುತ್ತದೆ?

ನಂಬರ್ ನಿಮ್ಮದಾಯಿತು ಅಂದುಕೊಳ್ಳೋಣ. ಈಗ ಸಿಗ್ನಲ್.

ಸಂಡೂರಿನಲ್ಲಿ ಚೆನ್ನಾಗಿದ್ದ ನೆಟ್‌ವರ್ಕ್ ಸಿರುಗುಪ್ಪದ ಹಳ್ಳಿಯಲ್ಲೂ ಚೆನ್ನಾಗಿರುತ್ತದೆ ಎಂದು ನಂಬಬೇಡಿ. ಗುಡ್ಡದ ಲೆಕ್ಕ ಬೇರೆ, ಬಯಲಿನ ಲೆಕ್ಕ ಬೇರೆ. ಹೋದಾಗ ಮೂರ್ನಾಲ್ಕು ಕಂಪನಿಯ ಸಿಮ್ ಇರುವ ನೆಂಟರಿಷ್ಟರನ್ನು ಹುಡುಕಿ. ಅವರ ಫೋನ್ ಇಸಕೊಂಡು ಮೂರು ಜಾಗದಲ್ಲಿ ನೋಡಿ: ಮನೆಯ ಒಳಕೋಣೆ, ಗದ್ದೆಯ ಪಂಪ್‌ಸೆಟ್ ಹತ್ತಿರ, ಊರ ಕಟ್ಟೆ. ಬೆಳಿಗ್ಗೆ ನೋಡಿದರೆ ಸಾಲದು. ರಾತ್ರಿ ಎಂಟು ಗಂಟೆಗೆ ನೋಡಿ, ಊರೆಲ್ಲ ವಿಡಿಯೋ ನೋಡುವ ಹೊತ್ತು ಅದು, ಬೆಳಿಗ್ಗೆ ಓಡುತ್ತಿದ್ದ ನೆಟ್ ಆಗ ತೆವಳುತ್ತದೆ.

ಕಡ್ಡಿ ನೋಡಿ ಮೋಸ ಹೋಗಬೇಡಿ. ನಾಲ್ಕು ಕಡ್ಡಿ ಅಂದರೆ ಎಷ್ಟು ಎಂದು ಒಂದೊಂದು ಫೋನ್ ಒಂದೊಂದು ಥರ ಲೆಕ್ಕ ಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎದುರು ಮೈನಸ್ ಎಷ್ಟೋ ಡಿಬಿಎಂ ಎಂದು ಬರೆದಿರುತ್ತದೆ. ಮೈನಸ್ ಆದ ಮೇಲೆ ಬರುವ ಅಂಕಿ ಸಣ್ಣದಿದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85, 90ರ ಆಸುಪಾಸು ಇದ್ದರೆ ಆರಾಮ. ಮೈನಸ್ 100ಕ್ಕೂ ನಡೆಯುತ್ತದೆ. ಮೈನಸ್ 110 ದಾಟಿತೋ, ಮಾತು ಕಟ್ ಆಗುತ್ತದೆ, ಫೋನು ಟವರ್ ಹುಡುಕಿ ಹುಡುಕಿ ಬ್ಯಾಟರಿಯನ್ನೂ ತಿನ್ನುತ್ತದೆ. ಬ್ಯಾಟರಿ ಹೋಯಿತು ಎಂದು ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಲ್ಲ, ಮನೆಯೊಳಗಿನ ಸಿಗ್ನಲ್‌ದು.

ನಿಮ್ಮದು ಹಳೇ ಮಾಳಿಗೆ ಮನೆಯಾಗಿದ್ದರೆ ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಎರಡಡಿ ದಪ್ಪದ ಗೋಡೆ ಬಿಸಿಲನ್ನೂ ತಡೆಯುತ್ತದೆ, ಸಿಗ್ನಲ್ಲನ್ನೂ ತಡೆಯುತ್ತದೆ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡಿನ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ. 5ಜಿಗೆ ಹೆಚ್ಚು ಬಳಸುವ 3500 ಮೆಗಾಹರ್ಟ್ಸ್ ವೇಗ ಕೊಡುತ್ತದೆ, ಆದರೆ ಗೋಡೆ ಎದುರು ಬಂದರೆ ಸುಸ್ತಾಗುತ್ತದೆ. 2022ರ ಹರಾಜಿನಲ್ಲಿ 700ರಲ್ಲಿ 5ಜಿಗೆ ಅಂತ ತರಂಗ ಕೊಂಡಿದ್ದು ಜಿಯೋ ಒಂದೇ. ಹಾಗಂತ ನಿಮ್ಮೂರಲ್ಲಿ ಜಿಯೋನೇ ಚೆನ್ನಾಗಿರುತ್ತದೆ ಎಂದಲ್ಲ. ಟವರ್ ಎಲ್ಲಿದೆ ಅನ್ನೋದು ಅದಕ್ಕಿಂತ ದೊಡ್ಡದು.

ಇನ್ನೊಂದು ಪ್ರಶ್ನೆಯನ್ನು ಊರವರಿಗೆ ತಪ್ಪದೆ ಕೇಳಿ: ಕರೆಂಟ್ ಹೋಗಿ ಎರಡು ತಾಸಾದ ಮೇಲೂ ಯಾವ ನೆಟ್‌ವರ್ಕ್ ಇರುತ್ತದೆ? ಟವರಿಗೂ ಬ್ಯಾಟರಿ ಬೇಕು, ಡೀಸೆಲ್ ಬೇಕು. ಕೆಲವು ಟವರ್ ಕರೆಂಟ್ ಹೋದ ಅರ್ಧ ತಾಸಿಗೇ ಮಲಗಿಬಿಡುತ್ತವೆ. ಮಳೆಗಾಲದಲ್ಲಿ ರಾತ್ರಿ ಯಾರಿಗೋ ಹುಷಾರಿಲ್ಲ ಎಂದಾಗ ಬೇಕಾಗುವುದು 5ಜಿ ವೇಗ ಅಲ್ಲ, ಆ್ಯಂಬುಲೆನ್ಸಿಗೆ ಒಂದು ಕರೆ ಹೋಗಬೇಕು, ಅಷ್ಟೇ. ಇದು ಯಾವ ಕವರೇಜ್ ಮ್ಯಾಪಿನಲ್ಲೂ ಸಿಗುವ ಮಾಹಿತಿ ಅಲ್ಲ, ಕಟ್ಟೆ ಮೇಲೆ ಕೂತವರಿಗೆ ಮಾತ್ರ ಗೊತ್ತು.

ಬಿಎಸ್‌ಎನ್‌ಎಲ್ ಬಗ್ಗೆ ಕೆಲವರು ಈಗಲೂ ನಗುತ್ತಾರೆ. 2025ರ ಸೆಪ್ಟೆಂಬರ್ 27ಕ್ಕೆ ಅವರ ದೇಶಿ 4ಜಿ ದೇಶದೆಲ್ಲೆಡೆ ಅಂತ ಅಧಿಕೃತವಾಗಿ ಶುರುವಾಯಿತು. ನಿಮ್ಮೂರಲ್ಲಿ ಅವರ ಟವರ್ ಇದ್ದರೆ ನೋಡದೆ ಬಿಡಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಎರಡನೇ ಸಿಮ್ ಆಗಿ ಅದು ಒಳ್ಳೆಯ ಆಯ್ಕೆ.

ನಿಮ್ಮ ತಾಲ್ಲೂಕಿಗೆ ಇನ್ನೊಂದು ತಮಾಷೆ ಇದೆ. ಒಂದು ಕಡೆ ಆಂಧ್ರದ ಗಡಿ. ಆದವಾನಿ ಕಡೆ ಹೋದರೂ, ಮಂತ್ರಾಲಯಕ್ಕೆ ಹೋದರೂ ನೀವು ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಬೇರೆ ವಲಯ, ಅಂದರೆ ಬೇರೆ ಸರ್ಕಲ್‌ನಲ್ಲಿರುತ್ತೀರಿ. ಗಡಿಯ ಹೊಲದಲ್ಲಿ ನಿಂತಾಗ ಫೋನೇ ಆ ಕಡೆಯ ಟವರ್ ಹಿಡಿಯಬಹುದು. ಈಗಿನ ಅನ್‌ಲಿಮಿಟೆಡ್ ಪ್ಲಾನುಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ, ಹೆದರಬೇಡಿ. ಆದರೆ ಕೆಲವು ಫೋನುಗಳಲ್ಲಿ ಡೇಟಾ ರೋಮಿಂಗ್ ಎನ್ನುವ ಬಟನ್ ಆಫ್ ಇದ್ದರೆ ಮಾತು ಬರುತ್ತದೆ, ನೆಟ್ ಬರುವುದಿಲ್ಲ. "ಮಂತ್ರಾಲಯಕ್ಕೆ ಹೋದಾಗ ಫೋನ್‌ಪೇ ಓಡಲಿಲ್ಲ" ಎಂದು ಫೋನ್ ರಿಪೇರಿಗೆ ತಂದವರನ್ನು ನೋಡಿದ್ದೇನೆ. ಬಟನ್ ಒತ್ತಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ.

ಈಗ ನೆಟ್‌ವರ್ಕ್ ಬದಲಿಸುವುದು ಅಂತಾದರೆ, ಪೋರ್ಟ್. ದೇಶದಲ್ಲಿ ಇದು 2011ರ ಜನವರಿಯಿಂದ ಇದೆ, ನಿಯಮ 2019ರ ಡಿಸೆಂಬರ್‌ನಲ್ಲಿ ಸರಳವಾಯಿತು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು ನಿಮ್ಮ ಹತ್ತಂಕಿ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ, ನಮ್ಮ ಕಡೆ ಅದು ನಾಲ್ಕು ದಿನ ಬಾಳುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಕರ್ನಾಟಕದೊಳಗೆ ಮೂರು ಕೆಲಸದ ದಿನದಲ್ಲಿ ಆಗಬೇಕು. ಒಮ್ಮೆ ಹೋದರೆ 90 ದಿನ ಅಲ್ಲೇ ಇರಬೇಕು. ಸಿಮ್ ಕಳೆದು ಡೂಪ್ಲಿಕೇಟ್ ತಗೊಂಡಿದ್ದರೆ ಅದಾದ ಏಳು ದಿನ ಪೋರ್ಟ್ ಕೋಡ್ ಸಿಗುವುದಿಲ್ಲ, ಇದು 2024ರ ಜುಲೈನಿಂದ ಬಂದ ನಿಯಮ, ಕಳ್ಳರನ್ನು ತಡೆಯಲಿಕ್ಕೆ ಮಾಡಿದ್ದು. ಆ ಕೋಡನ್ನು ಫೋನ್ ಮಾಡಿ ಕೇಳಿದವರಿಗೆಲ್ಲ ಹೇಳಬೇಡಿ. ಅದು ಕೊಟ್ಟರೆ ಮನೆ ಕೀಲಿ ಕೊಟ್ಟಂಗೆ.

ಪೋಸ್ಟ್‌ಪೇಯ್ಡ್‌ನಲ್ಲೇ ಇರಬೇಕಾ? ನನ್ನ ಪ್ರಕಾರ ಬೇಡ. ಅಲ್ಲಿ ಜಾಹೀರಾತಿನ ದರದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಬೀಳುತ್ತದೆ. 449 ಎಂದು ಬೋರ್ಡಿನಲ್ಲಿದ್ದರೆ ಬಿಲ್ಲಿಗೆ ಬರುವುದು ಸುಮಾರು 530. ಪ್ರಿಪೇಯ್ಡ್‌ನಲ್ಲಿ ಹೇಳಿದ ದರದಲ್ಲೇ ತೆರಿಗೆ ಸೇರಿರುತ್ತದೆ. ಇಷ್ಟು ವರ್ಷ ಬಿಲ್ ಕಂಪನಿ ಕಟ್ಟುತ್ತಿತ್ತು, ನೀವು ನೋಡಲೇ ಇಲ್ಲ. ಈಗ ನಿಮ್ಮ ಜೇಬು. ಮನೆಯ ನಾಲ್ಕು ನಂಬರ್ ಒಂದೇ ಬಿಲ್ಲಿಗೆ ಸೇರಿಸುವ ಫ್ಯಾಮಿಲಿ ಪ್ಲಾನ್ ಇದೆ, ಮಗ ಸೊಸೆ ಎಲ್ಲ ಒಂದೇ ನೆಟ್‌ವರ್ಕ್ ಆದರೆ ಅದು ಲೆಕ್ಕಕ್ಕೆ ಬರಬಹುದು. ಆದರೆ ನಿಮಗೆ ಹಳ್ಳಿಯ ಸಿಗ್ನಲ್ ಬೇಕು, ಅವನಿಗೆ ಬೆಂಗಳೂರಿನ ಸಿಗ್ನಲ್ ಬೇಕು, ಎರಡೂ ಒಂದೇ ಕಂಪನಿಯಲ್ಲಿ ಸಿಗಬೇಕಲ್ಲ.

ವರ್ಷದ ರೀಚಾರ್ಜ್ ತಪ್ಪಲ್ಲ, ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ ದಿನಕ್ಕೆ 2 ಜಿಬಿಯ 28 ದಿನದ ಪ್ಯಾಕ್ 349 ಆಯಿತು, ಹದಿಮೂರು ಸಲಕ್ಕೆ 4537 ರೂಪಾಯಿ. ದಿನಕ್ಕೆ ಎರಡೂವರೆ ಜಿಬಿಯ ವರ್ಷದ ಪ್ಯಾಕ್ 3599 ಆಯಿತು. ಹತ್ತಿರ ಹತ್ತಿರ ಸಾವಿರ ರೂಪಾಯಿ ಉಳಿತಾಯ. ದರ ಬದಲಾಗುತ್ತಲೇ ಇರುತ್ತದೆ, ನೀವು ಹಾಕಿಸುವ ದಿನ ಇದೇ ಥರ ಗುಣಿಸಿ ನೋಡಿ. ಆದರೆ ಅವರು ಹೇಳದ ಇನ್ನರ್ಧ ಏನೆಂದರೆ, ಪೋರ್ಟ್ ಮಾಡಿದಾಗ ಉಳಿದ ವ್ಯಾಲಿಡಿಟಿ ನಿಮ್ಮ ಜೊತೆ ಬರುವುದಿಲ್ಲ. 3599 ಹಾಕಿಸಿ, ಎರಡು ತಿಂಗಳಿಗೆ ಊರಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಗೊತ್ತಾದರೆ ಉಳಿದ ಹತ್ತು ತಿಂಗಳ ದುಡ್ಡು ನೀರಿಗೆ ಹೋದಂಗೆ. ಹಾಗಾಗಿ ಮೊದಲು ಒಂದೆರಡು ತಿಂಗಳು ಸಣ್ಣ ಪ್ಯಾಕ್. ಊರಲ್ಲಿ ಕೂತು, ಒಂದು ಮಳೆ, ಒಂದು ಕರೆಂಟ್ ತೆಗೆದ ರಾತ್ರಿ ನೋಡಿ, ಆಮೇಲೆ ವರ್ಷದ್ದು.

ಡೇಟಾ ಎಷ್ಟು ಬೇಕು? ನಿಮ್ಮ ಈಗಿನ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಕಳೆದ ತಿಂಗಳು ಎಷ್ಟು ಸುಟ್ಟಿದ್ದೀರಿ ಎಂದು ಬರೆದಿದೆ, ಅದನ್ನು 30ರಿಂದ ಭಾಗಿಸಿ. ಬರೀ ವಾಟ್ಸಾಪ್, ಪೇಪರ್, ಹವಾಮಾನ, ದಿನಕ್ಕೊಂದು ವಿಡಿಯೋ ಕಾಲ್ ಆದರೆ ಒಂದು ಜಿಬಿ ದಾಟುವುದು ಕಷ್ಟ. ಸಂಜೆ ಯೂಟ್ಯೂಬ್ ಹಾಕಿಕೊಂಡು ಕೂರುವ ಅಭ್ಯಾಸ ಇದ್ದರೆ ಎರಡು ಬೇಕು. ದಿನದ ಕೋಟಾ ಮುಗಿದರೂ ನೆಟ್ ಪೂರ್ತಿ ನಿಲ್ಲುವುದಿಲ್ಲ, ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಇಳಿದ ಮೇಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದಹಾಗೆ ಜಿಯೋ, ಏರ್‌ಟೆಲ್ ಎರಡರಲ್ಲೂ ಆ ದರ ಏರಿಕೆಯ ನಂತರ ಅನ್‌ಲಿಮಿಟೆಡ್ 5ಜಿ ಇಟ್ಟಿದ್ದು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕುಗಳಿಗೆ. ಊರಲ್ಲಿ 5ಜಿ ಇಲ್ಲದಿದ್ದರೆ ಅದಕ್ಕಾಗಿ ದೊಡ್ಡ ಪ್ಯಾಕ್ ಹಾಕಿಸುವುದು ದಂಡ.

ಅತ್ತಿಗೆಯವರ ಕೀಪ್ಯಾಡ್ ಫೋನಿನ ವಿಷಯ ಸುಲಭ. ಡೇಟಾ ಬಳಸದವರಿಗೆ ಡೇಟಾ ಪ್ಯಾಕ್ ಯಾಕೆ ಎಂದು ಜನ ಬಹಳ ವರ್ಷ ಕೇಳುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಆದೇಶ ಮಾಡಿತು: ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಒಂದಾದರೂ ಇರಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು. 2025ರ ಜನವರಿಯಲ್ಲಿ ಅವು ಬಂದವು, ಆ ತಿಂಗಳ ಕೊನೆ ಹೊತ್ತಿಗೆ 84 ದಿನಕ್ಕೆ ಜಿಯೋ 448, ಏರ್‌ಟೆಲ್ 469, ವಿಐ 470 ರೂಪಾಯಿ ಇಟ್ಟಿದ್ದವು. ಅಂಗಡಿಯಲ್ಲಿ ತಾವಾಗಿ ಹೇಳುವುದಿಲ್ಲ, "ಬರೀ ಮಾತಿನ ಪ್ಯಾಕ್" ಎಂದು ಕೇಳಬೇಕು. ಮತ್ತೆ ಜಿಯೋಗೆ 2ಜಿ ಇಲ್ಲ. ಅವರದ್ದು ಹಳೇ 2ಜಿ ಕೀಪ್ಯಾಡ್ ಆದರೆ ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡುವುದಿಲ್ಲ, 4ಜಿ ಕೀಪ್ಯಾಡ್ ಬೇಕಾಗುತ್ತದೆ. ಫೋನ್ ಚೆನ್ನಾಗಿದ್ದರೆ 2ಜಿ ಇರುವ ನೆಟ್‌ವರ್ಕ್‌ನಲ್ಲೇ ಬಿಡಿ. ಮತ್ತೊಂದು ಲಾಭ, ಗಂಡ ಹೆಂಡತಿ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದ್ದರೆ ಒಂದು ಬಿದ್ದಾಗ ಇನ್ನೊಂದು ಇರುತ್ತದೆ.

ಅಂತೂ ಫೋನಿಗೆ ಬಂದೆವು.

200 ಮೆಗಾಪಿಕ್ಸೆಲ್ ಮರೆತುಬಿಡಿ. ಮೊಮ್ಮಗಳ ಫೋಟೋ, ಭತ್ತಕ್ಕೆ ಬಿದ್ದ ರೋಗದ ಫೋಟೋ, ಪಹಣಿಯ ಫೋಟೋ, ಇವಕ್ಕೆ 50 ಮೆಗಾಪಿಕ್ಸೆಲ್ ಬೇಕಾದಷ್ಟಾಯಿತು. ಆ ಫೋನೂ ಸಾಮಾನ್ಯವಾಗಿ ತೆಗೆಯುವುದು ಸಣ್ಣ ಮಾಡಿದ ಚಿತ್ರವನ್ನೇ, ವಾಟ್ಸಾಪ್ ಅದನ್ನು ಇನ್ನೂ ಸಣ್ಣ ಮಾಡಿ ಕಳಿಸುತ್ತದೆ. ಡಬ್ಬಿಯ ಮೇಲೆ "8+8 ಜಿಬಿ ರ‍್ಯಾಮ್" ಎಂದಿದ್ದರೆ ರ‍್ಯಾಮ್ ಇರುವುದು ಎಂಟೇ. ಇನ್ನೆಂಟು ಸ್ಟೋರೇಜ್‌ನಿಂದ ಕಡ ತಂದು ತೋರಿಸುವ ಲೆಕ್ಕ.

ನಾನು ಮೊದಲು ನೋಡುವುದು ಅಪ್‌ಡೇಟ್ ಎಷ್ಟು ವರ್ಷ ಎಂದು. ಬ್ಯಾಂಕ್ ಆ್ಯಪ್, ಪಿಂಚಣಿ ಆ್ಯಪ್ ಎಲ್ಲ ಇರುವ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತರೆ ಬಾಗಿಲಿಗೆ ಚಿಲಕ ಇಲ್ಲದ ಹಾಗೆ. ಈ ವಿಷಯದಲ್ಲಿ ಕಡಿಮೆ ಬೆಲೆಯ ಫೋನುಗಳ ನಡುವೆ ಅಜಗಜಾಂತರ ಇದೆ. 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಕಂಪನಿ ಆರು ವರ್ಷದ ಭರವಸೆ ಕೊಟ್ಟಿತು. ಅದೇ ದುಡ್ಡಿನ ಬೇರೆ ಕೆಲವು ಫೋನುಗಳಿಗೆ ಎರಡೋ ಮೂರೋ ವರ್ಷ. ಇಲ್ಲೊಂದು ಕೊಕ್ಕೆ ಇದೆ: ವರ್ಷ ಎಣಿಸುವುದು ಆ ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೇ ಮಾಡೆಲ್ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಆಯುಷ್ಯವೂ ಎರಡು ವರ್ಷ ಕಡಿಮೆ. ನಾನು ಇದೇ ಮಾಡೆಲ್ ತಗೊಳ್ಳಿ ಎನ್ನುತ್ತಿಲ್ಲ, ಯಾವುದೇ ತಗೊಂಡರೂ "ಇದು ಯಾವ ತಿಂಗಳು ಬಂತು, ಅಪ್‌ಡೇಟ್ ಎಷ್ಟು ವರ್ಷ" ಎಂದು ಕೇಳಿ. ಅಂಗಡಿ ಹುಡುಗ ತಡವರಿಸಿದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಗನಿಂದ ಹುಡುಕಿಸಿ.

ಇನ್ನು ಬಿಸಿಲು. ನಮ್ಮ ಬಳ್ಳಾರಿ, ರಾಯಚೂರಿನ ಏಪ್ರಿಲ್ ಮೇ ನಿಮಗೆ ಹೇಳಬೇಕಾ, 40 ಡಿಗ್ರಿ ದಾಟುವುದು ಮಾಮೂಲು. ಆ್ಯಪಲ್ ಕಂಪನಿಯೇ ಐಫೋನನ್ನು 0ರಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಎನ್ನುತ್ತದೆ. ಅಂದರೆ ಅವರ ಲೆಕ್ಕದಲ್ಲಿ ನಮಗೆ ಮೂರು ತಿಂಗಳು ಫೋನ್ ರಜೆ! ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ನಿಮ್ಮ ಎರಡು ವರ್ಷದ ಫೋನ್ ಮಧ್ಯಾಹ್ನಕ್ಕೇ ಬಿದ್ದುಹೋಗುವುದಕ್ಕೆ ಗಣಿಯ ಜೀಪಿನ ಡ್ಯಾಶ್‌ಬೋರ್ಡೇ ಕಾರಣ ಇರಬಹುದು. ಹೊಸದನ್ನು ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬೈಕಿನ ಟ್ಯಾಂಕ್ ಕವರಿನೊಳಗೆ ಇಡಬೇಡಿ. ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕಬೇಡಿ. ಹೊಸ ಫೋನುಗಳಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಬೇಸಿಗೆಯಲ್ಲಿ ಅದನ್ನು ಆನ್ ಮಾಡಿ. 5000 ಎಂಎಎಚ್ ಬ್ಯಾಟರಿ ಇದ್ದರೆ ಎಂಬತ್ತರಲ್ಲೂ ಸಂಜೆಯವರೆಗೆ ಬರುತ್ತದೆ.

ಅದೇ ಬಿಸಿಲಲ್ಲಿ ಪರದೆ ಕಾಣಬೇಕಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಫೋನೂ ಹೊಳೆಯುತ್ತವೆ. ಡೆಮೋ ಪೀಸ್ ತಗೊಂಡು ಬೆಂಗಳೂರು ರೋಡಿನ ಬಿಸಿಲಿಗೆ ಬಂದು ನಿಂತು ನೋಡಿ. ಬಿಡುವುದಿಲ್ಲ ಅಂದರೆ ಬಾಗಿಲ ತನಕವಾದರೂ ಬನ್ನಿ. ಅಲ್ಲೇ ರಿಂಗ್‌ಟೋನ್ ಹಾಕಿ ಕೇಳಿ, ಪಂಪ್‌ಸೆಟ್ ಸದ್ದಿನಲ್ಲಿ ಕೇಳಿಸುವಷ್ಟು ಜೋರಿದೆಯಾ ಎಂದು.

ಧೂಳು. ಸಂಡೂರಿನ ಕೆಂಪು ಧೂಳು ಸ್ಪೀಕರ್ ಜಾಲರಿಯಲ್ಲಿ ಹೇಗೆ ಕೂರುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಊರಲ್ಲಿ ಭತ್ತದ ಧೂಳು ಇರುತ್ತದೆ. ಡಬ್ಬಿಯ ಮೇಲೆ ಐಪಿ ಎಂದು ಎರಡಂಕಿ ಇರುತ್ತದಲ್ಲ, ಅದರ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಅಂದರೆ ಧೂಳು ಸ್ವಲ್ಪ ಒಳಗೆ ಹೋದರೂ ಕೆಲಸ ಕೆಡುವುದಿಲ್ಲ, ನೀರು ಚಿಮುಕಿದರೆ ಪರವಾಗಿಲ್ಲ. ಐಪಿ64, ಐಪಿ67 ಆದರೆ ಧೂಳು ಒಳಗೇ ಹೋಗುವುದಿಲ್ಲ. ನಿಮ್ಮ ಬಜೆಟ್‌ನಲ್ಲಿ 6ರಿಂದ ಶುರುವಾಗುವುದು ಸಿಕ್ಕರೆ ಅದನ್ನೇ ನೋಡಿ.

ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ, ಗುಡ್ ಮಾರ್ನಿಂಗ್ ಗ್ರೂಪುಗಳೇ ಅರ್ಧ ತುಂಬುತ್ತವೆ. 5ಜಿ ಫೋನೇ ತಗೊಳ್ಳಿ, ಊರಲ್ಲಿ ಇವತ್ತು 5ಜಿ ಇಲ್ಲದಿದ್ದರೂ ಐದು ವರ್ಷ ಬಳಸುವ ಸಾಮಾನು ಅದು. ಬ್ಯಾಂಡ್ ಪಟ್ಟಿಯಲ್ಲಿ ಎನ್28 (ಮೇಲೆ ಹೇಳಿದ 700), ಎನ್78 (ಆ 3500) ಎರಡೂ ಇರಲಿ. ಜಿಯೋದ 5ಜಿಗೆ ಎಸ್‌ಎ (ಸ್ಟ್ಯಾಂಡ್‌ಅಲೋನ್, 4ಜಿಯ ಆಸರೆ ಇಲ್ಲದೆ ಓಡುವ 5ಜಿ) ಬೆಂಬಲ ಇರಲೇಬೇಕು. ವೈಫೈ ಕಾಲಿಂಗ್ ಇದೆಯಾ ನೋಡಿ, ಮುಂದೆ ಮನೆಗೆ ಫೈಬರ್ ಹಾಕಿಸಿದರೆ ದಪ್ಪ ಗೋಡೆಯ ಸಮಸ್ಯೆ ಅದರಿಂದಲೇ ಮುಗಿಯುತ್ತದೆ. ಆ ಕಂಪನಿಯ ಸರ್ವಿಸ್ ಸೆಂಟರ್ ಬಳ್ಳಾರಿಯಲ್ಲಿದೆಯಾ, ಅದನ್ನೂ ಕೇಳಿ. ಒಂದು ಡಿಸ್‌ಪ್ಲೇಗೆ ಬೆಂಗಳೂರಿಗೆ ಹೋಗಿ ಬರುವುದಾದರೆ ಫೋನಿನ ಬೆಲೆ ಅಲ್ಲೇ ಏರಿತು.

ಮಗನ ಹಳೇ ಐಫೋನ್ ಬಗ್ಗೆ: ಅವನೇ ಬಳಸಿದ್ದಾದರೆ ಸಂತೋಷವಾಗಿ ತಗೊಳ್ಳಿ, ಬ್ಯಾಟರಿ ಮಾತ್ರ ಬದಲಿಸಿ ಕೊಡು ಅನ್ನಿ. ಹೊರಗಿನಿಂದ ಸೆಕೆಂಡ್ ಹ್ಯಾಂಡ್ ಕೊಡಿಸುವುದಾದರೆ *#06# ಒತ್ತಿ ಬರುವ 15 ಅಂಕಿಯ ಐಎಂಇಐಯನ್ನು (ಫೋನಿನ ಗುರುತಿನ ಸಂಖ್ಯೆ), ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರಕ್ಷರದ ಮುಂದೆ ಜಾಗ ಬಿಟ್ಟು ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಲಿ. ಬ್ಲಾಕ್ ಆದ ಕಳ್ಳಮಾಲು ಆಗಿದ್ದರೆ ಗೊತ್ತಾಗುತ್ತದೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ಅಲ್ಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದೂ ತೋರಿಸುತ್ತದೆ, ನೀವು ಕೊಳ್ಳದ ಸಿಮ್ ಕಂಡರೆ ಅಲ್ಲೇ ದೂರು ಹಾಕಿ.

ಮತ್ತೆ ಇಎಂಐ ಮೇಲೆ ತಗೊಳ್ಳಬೇಡಿ ಅಣ್ಣಾ. 20 ಸಾವಿರ ಕೈಯಲ್ಲಿದೆ ಅಲ್ವಾ. "ನೋ ಕಾಸ್ಟ್" ಅನ್ನುವುದರಲ್ಲಿ ಬಡ್ಡಿ ಇಲ್ಲ ಎಂದಲ್ಲ, ಅಷ್ಟು ಬಡ್ಡಿಯನ್ನು ಡಿಸ್ಕೌಂಟ್ ಎಂದು ತೋರಿಸಿ ಸರಿ ಮಾಡುತ್ತಾರೆ. ಕಾರ್ಡ್ ಇಎಂಐ ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆ ಮೇಲೇ, ಪ್ರೊಸೆಸಿಂಗ್ ಫೀ ಬೇರೆ, ನಗದಿಗೆ ಸಿಗುತ್ತಿದ್ದ ಚೌಕಾಸಿಯೂ ಹೋಯಿತು. ಈಗಿನ ಸಾಲದ ಕೊನೆ ಕಂತು ಕಟ್ಟಿದ ಮೇಲೆ ಫೈನಾನ್ಸಿನವರಿಂದ ನೋ ಡ್ಯೂಸ್ ಪತ್ರ ಬರೆಸಿಕೊಳ್ಳಿ, ಬ್ಯಾಂಕಿನಲ್ಲಿ ಆಟೋ ಡೆಬಿಟ್ ನಿಂತಿದೆಯಾ ನೋಡಿ. ಕಂತು ತಪ್ಪಿದರೆ ಫೋನ್ ಲಾಕ್ ಮಾಡುವ ಆ್ಯಪ್ ಕೆಲವರು ಹಾಕಿರುತ್ತಾರೆ, ಅದನ್ನೂ ಅವರ ಕೈಯಲ್ಲೇ ತೆಗೆಸಿ.

ಹಳೇ ಫೋನನ್ನು ಅಂಗಡಿಯಲ್ಲಿ ಅದೇ ದಿನ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಹದಿನೈದು ದಿನ ಇಟ್ಟುಕೊಳ್ಳಿ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದ ಮೊದಲ 24 ತಾಸು 5000 ರೂಪಾಯಿಗಿಂತ ಜಾಸ್ತಿ ಹೋಗುವುದಿಲ್ಲ. ಸಿಮ್ಮನ್ನೇ ಬದಲಿಸಿ ಕೊಟ್ಟಿದ್ದರೆ ಎಸ್‌ಎಂಎಸ್ ಕೂಡ 24 ತಾಸು ಬಂದ್ ಇರುತ್ತದೆ, ಒಟಿಪಿ ಬರುವುದಿಲ್ಲ. ಹಾಗಾಗಿ ಗೊಬ್ಬರ ತರುವ ದಿನ, ಕೂಲಿ ಕೊಡುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ವಾಟ್ಸಾಪ್, ಬ್ಯಾಂಕ್, ಫೋಟೋ, ಡಿಜಿಲಾಕರ್ ಎಲ್ಲ ಹೊಸದರಲ್ಲಿ ಓಡಿದ ಮೇಲೆ ಹಳೆಯದರಲ್ಲಿ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ರೀಸೆಟ್ ಮಾಡಿ. ಅಷ್ಟೊತ್ತಿಗೂ ಎಕ್ಸ್‌ಚೇಂಜ್ ಅಂತ ಎಂಟುನೂರೋ ಸಾವಿರವೋ ಹೇಳಿದರೆ ಕೊಡಬೇಡಿ, ನನ್ನ ಹತ್ತಿರ ತನ್ನಿ. ಬ್ಯಾಟರಿ ಬದಲಿಸಿ ಕೊಡುತ್ತೇನೆ, ಅತ್ತಿಗೆಯವರು ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡಲು ಇಟ್ಟುಕೊಳ್ಳಲಿ.